ಮುಂಬೈನ ಒದ್ದೆ ಗಾಳಿಯಲ್ಲಿ ಸೊಪ್ಪು, ಹೂ ಒಣಗಿಸುವುದು ಹೇಗೆ? ಬಣ್ಣ, ಪರಿಮಳ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಪುದೀನ ಕಟ್ಟನ್ನು ತಲೆಕೆಳಗಾಗಿ ನೇತುಹಾಕಿ, ಹತ್ತು ಹದಿನೈದು ದಿನದಲ್ಲಿ ಗರಿಗರಿಯಾಗಿ ಒಣಗುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬಳ್ಳಾರಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಅದು ನಿಜ. ಅದನ್ನೇ ಜುಲೈ ತಿಂಗಳಲ್ಲಿ ಮುಲುಂಡ್‌ನಲ್ಲೋ ಡೊಂಬಿವಲಿಯಲ್ಲೋ ಮಾಡಿದರೆ ಕಟ್ಟಿನ ಹೊರಗಿನ ಎಲೆ ಬಾಡುತ್ತದೆ, ಒಳಗಿನ ಎಲೆ ಕಪ್ಪಾಗುತ್ತದೆ, ನಾಲ್ಕೈದು ದಿನಕ್ಕೆ ಬೂಷ್ಟಿನ ವಾಸನೆ ಬರುತ್ತದೆ. ಆಗ ಸೊಪ್ಪು ಸರಿಯಿಲ್ಲ ಅಂದುಕೊಳ್ಳುವವರೇ ಜಾಸ್ತಿ. ಸೊಪ್ಪಿನ ತಪ್ಪೇನೂ ಇಲ್ಲ. ಇಲ್ಲಿನ ಗಾಳಿಗೆ ಆ ವಿಧಾನ ಹೊಂದುವುದಿಲ್ಲ, ಅಷ್ಟೆ.

ಮುಂಬೈನಲ್ಲಿ ಯಾವುದನ್ನು ಒಣಗಿಸಬೇಕು ಅನ್ನುವುದಕ್ಕಿಂತ ಮೊದಲು ಇವತ್ತು ಗಾಳಿ ಹೇಗಿದೆ ಅಂತ ನೋಡಬೇಕು. ವಿಧಾನವನ್ನು ಅದರ ಮೇಲೆ ಆರಿಸಿಕೊಳ್ಳಬೇಕು. ಇದೊಂದು ಗಟ್ಟಿಯಾದರೆ ಉಳಿದದ್ದು ಸುಲಭ.

ಮೊದಲು ಗಾಳಿ ನೋಡಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬೈಗೆ ಮುಂಗಾರು ಬರುವ ಸಾಮಾನ್ಯ ದಿನ ಜೂನ್ 11, ಹಿಂದೆ ಸರಿಯುವ ದಿನ ಅಕ್ಟೋಬರ್ 8. ಈ ನಡುವೆ ಗಾಳಿಯ ತೇವ ಶೇಕಡಾ 80–90ರ ಆಸುಪಾಸಿನಲ್ಲೇ ಇರುತ್ತದೆ. ಎಲೆ ಎಷ್ಟೇ ದಿನ ಹರಡಿದ್ದರೂ ಸುತ್ತಲ ಗಾಳಿಯ ತೇವಕ್ಕೆ ಸಮನಾಗಿ ನಿಂತುಬಿಡುತ್ತದೆ, ಅದಕ್ಕಿಂತ ಕೆಳಗೆ ಒಣಗುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಬರೀ ಫ್ಯಾನ್ ಹಾಕಿದರೆ ಸಾಲದು. ಫ್ಯಾನ್ ಅದೇ ಒದ್ದೆ ಗಾಳಿಯನ್ನು ಸುತ್ತಿಸುತ್ತದೆ.

ಅದೇ ಗಾಳಿಯನ್ನು ಸ್ವಲ್ಪ ಬಿಸಿ ಮಾಡಿದರೆ ಲೆಕ್ಕ ಬದಲಾಗುತ್ತದೆ. 28 ಡಿಗ್ರಿಯಲ್ಲಿ ಶೇಕಡಾ 85 ತೇವ ಇರುವ ಗಾಳಿಯನ್ನು 40 ಡಿಗ್ರಿಗೆ ಏರಿಸಿದರೆ ತೇವ ಶೇಕಡಾ 43ರ ಸುತ್ತ ಇಳಿಯುತ್ತದೆ. 45 ಡಿಗ್ರಿಯಲ್ಲಿ 33ರ ಸುತ್ತ. ನೀರು ಅಷ್ಟೇ ಇರುತ್ತದೆ, ಆದರೆ ಬಿಸಿ ಗಾಳಿಗೆ ಇನ್ನಷ್ಟು ನೀರು ಹಿಡಿದುಕೊಳ್ಳುವ ಶಕ್ತಿ ಬಂದಿರುತ್ತದೆ. ಡಿಹೈಡ್ರೇಟರ್, ಅಂದರೆ ಬಿಸಿ ಗಾಳಿಯಲ್ಲಿ ಒಣಗಿಸುವ ವಿದ್ಯುತ್ ಯಂತ್ರ, ಕೆಲಸ ಮಾಡುವುದೇ ಹೀಗೆ. ಎಸಿ ಇನ್ನೊಂದು ದಾರಿ ಹಿಡಿಯುತ್ತದೆ, ಗಾಳಿಯಲ್ಲಿರುವ ನೀರನ್ನೇ ಹೊರಗೆ ಹಾಕುತ್ತದೆ. ಕಿಟಕಿಯಾಚೆ ಪೈಪಿನಿಂದ ತೊಟ್ಟಿಕ್ಕುವುದು ನಿಮ್ಮ ಕೋಣೆಯ ತೇವವೇ.

ಮನೆಯಲ್ಲಿ ತೇವ ಎಷ್ಟಿದೆ ಅಂತ ತಿಳಿಯಲು ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಸಾಕು. ಅಗ್ಗದವು ಸ್ವಲ್ಪ ಹೆಚ್ಚುಕಮ್ಮಿ ತೋರಿಸುತ್ತವೆ, ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಪೂರ್ತಿ ಕರಗದಷ್ಟು ಕೆಲವೇ ಹನಿ ನೀರು ಹಾಕಿ. ಹೈಗ್ರೋಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಒಳಗಿನ ತೇವ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮದು 80 ತೋರಿಸಿದರೆ ಯಾವಾಗಲೂ 5 ಕಳೆದು ಓದಿಕೊಳ್ಳಿ. ಹೈಗ್ರೋಮೀಟರ್ ಇಲ್ಲದಿದ್ದರೆ ತಟ್ಟೆಯಲ್ಲಿ ಚಿಟಿಕೆ ಪುಡಿ ಉಪ್ಪು ತೆರೆದಿಡಿ. ಶೇಕಡಾ 75 ದಾಟಿದ ಗಾಳಿಯಲ್ಲಿ ಉಪ್ಪು ತಾನಾಗಿ ನೀರು ಬಿಡುತ್ತದೆ. ಆ ದಿನ ತೆರೆದ ಗಾಳಿಯಲ್ಲಿ ಏನನ್ನೂ ಒಣಗಿಸಲು ಹೋಗಬೇಡಿ. ಕಲ್ಲುಪ್ಪು ಈ ಕೆಲಸಕ್ಕೆ ಬೇಡ. ಅದರಲ್ಲಿರುವ ಮೆಗ್ನೀಸಿಯಂನಿಂದಾಗಿ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ.

ಅಕ್ಟೋಬರ್ ಮಧ್ಯದಿಂದ ಗಾಳಿ ತಿರುಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪೂರ್ವದಿಂದ, ಅಂದರೆ ನೆಲದ ಕಡೆಯಿಂದ ಬೀಸುವ ಗಾಳಿ ಒಣದು. ಮಧ್ಯಾಹ್ನ ತೇವ ಶೇಕಡಾ 50ಕ್ಕಿಂತ ಕೆಳಗೆ ಇಳಿಯುವ ದಿನಗಳು ಬೇಕಾದಷ್ಟು ಸಿಗುತ್ತವೆ. ಸಮುದ್ರದ ಗಾಳಿ ಶುರುವಾದಮೇಲೆ ಮತ್ತೆ ಏರುತ್ತದೆ, ರಾತ್ರಿ ಇನ್ನೂ ಜಾಸ್ತಿ. ಹಾಗಾಗಿ ಚಳಿಗಾಲದಲ್ಲೂ ತಟ್ಟೆಗಳನ್ನು ಸಂಜೆಗೆ ಮೊದಲು ಒಳಗೆ ತರಬೇಕು. ಹಗಲು ಒಣಗಿದ್ದನ್ನು ರಾತ್ರಿ ಹೊರಗೆ ಬಿಟ್ಟರೆ ಅರ್ಧ ಕೆಲಸ ಹಾಳು.

ಎಲೆಯ ಪರಿಮಳ ಎಲ್ಲಿರುತ್ತದೆ?

ಒಂದು ಪುದೀನ ಎಲೆಯನ್ನು ತಿರುಗಿಸಿ, ಕೆಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಮಿರಿಮಿರಿ ಹೊಳೆಯುವ ಸಣ್ಣ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು. ತೆಳ್ಳನೆಯ ಪೊರೆಯೊಂದರ ಕೆಳಗೆ, ಎಲೆಯ ಮೇಲ್ಮೈಯಲ್ಲೇ ಕೂತಿರುತ್ತವೆ. ತುಳಸಿ, ಮರುಗ, ದೊಡ್ಡಪತ್ರೆ ಎಲ್ಲ ಇದೇ ಕುಟುಂಬ. ಜೋರಾಗಿ ತಿಕ್ಕಿ ತೊಳೆದರೆ, ಕಟ್ಟನ್ನು ಒತ್ತಿ ಹಿಂಡಿದರೆ, ಜಾಸ್ತಿ ಬಿಸಿ ಕೊಟ್ಟರೆ ಮೊದಲು ಹೋಗುವುದೇ ಇವು. ಇನ್ನು ಒಂದು ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲೆಯ ಒಳಗೇ ಪಾರದರ್ಶಕ ಚುಕ್ಕಿಗಳು ಕಾಣುತ್ತವೆ, ಎಣ್ಣೆ ಅಲ್ಲಿ ಒಳಗಿದೆ. ಮೇಲ್ಮೈ ತಿಕ್ಕಾಟವನ್ನು ಕರಿಬೇವು ಸ್ವಲ್ಪ ತಡೆದುಕೊಳ್ಳುತ್ತದೆ. ಎಲೆ ಜಜ್ಜಿದರೆ ಮಾತ್ರ ಆ ಜಾಗ ಕಪ್ಪಾಗುತ್ತದೆ.

ಈ ಕಪ್ಪಾಗುವುದು ಎಲೆಯೊಳಗಿನ ಕಿಣ್ವಗಳ ಕೆಲಸ. ಎಲೆ ಅರೆಒದ್ದೆಯಾಗಿ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟು ಹೊತ್ತು ಅವಕ್ಕೆ ಸಮಯ ಸಿಗುತ್ತದೆ. ಬಿಸಿ ಜಾಸ್ತಿಯಾದರೆ ಪರಿಮಳ ಹೋಗುತ್ತದೆ, ನಿಧಾನವಾದರೆ ಬಣ್ಣ ಹೋಗುತ್ತದೆ, ನೇರ ಬಿಸಿಲಿಗೆ ಬಿದ್ದರೆ ಎರಡೂ ಹೋಗುತ್ತವೆ. ಪರಿಮಳದ ಸೊಪ್ಪಿಗೆ 35ರಿಂದ 45 ಡಿಗ್ರಿಯ ಒಳಗೆ, ಬೆಳಕಿಲ್ಲದ ಕಡೆ, ಆದಷ್ಟು ಬೇಗ ಒಣಗಿಸಬೇಕು ಅನ್ನುವುದರ ಕಾರಣ ಇದು.

ತರುವುದು, ತೊಳೆಯುವುದು

ಸೊಪ್ಪನ್ನು ಬೆಳಗ್ಗೆಯೇ ತನ್ನಿ, ಅವತ್ತೇ ಒಣಗಿಸಲು ಹಾಕಿ. ಮಾಟುಂಗ ಮಾರ್ಕೆಟ್‌ನಲ್ಲಿ ಕರಿಬೇವು ತಾಜಾ ಸಿಗುತ್ತದೆ. ಮಜ್ಜಿಗೆಹುಲ್ಲನ್ನು ತರಕಾರಿಯವರ ಹತ್ತಿರ ಗವ್ತಿ ಚಹಾ ಅಂತ ಕೇಳಿದರೆ ಎಲ್ಲ ಕಡೆ ಕೊಡುತ್ತಾರೆ. ಕುಂಡದಲ್ಲಿ ಬೆಳೆದಿದ್ದರೆ ಹೂ ಬಿಡುವುದಕ್ಕೆ ಸ್ವಲ್ಪ ಮೊದಲು, ಇಬ್ಬನಿ ಆರಿದಮೇಲೆ ಕೊಯ್ಯಿರಿ.

ಅಗಲ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪನ್ನು ಮುಳುಗಿಸಿ ಮೆಲ್ಲಗೆ ಆಡಿಸಿ ಎತ್ತಿ. ನಲ್ಲಿಯ ಕೆಳಗೆ ಹಿಡಿಯಬೇಡಿ. ಹಳೆಯ ಹತ್ತಿ ಪಂಚೆಯ ಮೇಲೆ ಹರಡಿ, ಇನ್ನೊಂದು ಬಟ್ಟೆ ಮುಚ್ಚಿ, ಸುರುಳಿ ಸುತ್ತಿ ಹತ್ತು ನಿಮಿಷ ಬಿಡಿ. ಆಮೇಲೆ ಫ್ಯಾನ್ ಕೆಳಗೆ ಮೇಲಿನ ನೀರು ಪೂರ್ತಿ ಆರಲಿ. ಒಂದು ಗಂಟೆಯ ಈ ಕೆಲಸವನ್ನು ಬಿಟ್ಟರೆ ಮುಂದೆ ಒಂದು ದಿನ ಜಾಸ್ತಿ ಹಿಡಿಯುತ್ತದೆ. ಪುದೀನ, ತುಳಸಿಯ ಎಲೆ ಬಿಡಿಸಿಕೊಳ್ಳಿ. ದಂಟು ಎಲೆಗಿಂತ ತುಂಬ ನಿಧಾನವಾಗಿ ಒಣಗುತ್ತದೆ, ಅದು ಜೊತೆಗಿದ್ದರೆ ಎಲೆಗೆ ಮತ್ತೆ ತೇವ ಕೊಡುತ್ತಲೇ ಇರುತ್ತದೆ. ಕರಿಬೇವನ್ನು ಕಡ್ಡಿಯಲ್ಲೇ ಇಟ್ಟರೂ ನಡೆಯುತ್ತದೆ. ಮಜ್ಜಿಗೆಹುಲ್ಲನ್ನು ಕತ್ತರಿಯಿಂದ ಅರ್ಧ ಇಂಚಿಗೆ ಕತ್ತರಿಸಿ.

ಶುರು ಮಾಡುವ ಮೊದಲು ತೂಕ ನೋಡಿ ಬರೆದಿಡಿ. ಇದು ಮುಂದೆ ಬೇಕಾಗುತ್ತದೆ.

ನೆರಳು, ಬಿಸಿಲು

ನವೆಂಬರ್‌ನಿಂದ ಫೆಬ್ರವರಿಗೆ ನೆರಳಲ್ಲಿ ಒಣಗಿಸುವುದಕ್ಕೆ ಸಮನಾದದ್ದು ಇಲ್ಲ. ಖರ್ಚಿಲ್ಲ, ಪರಿಮಳ ಚೆನ್ನಾಗಿ ಉಳಿಯುತ್ತದೆ. ಸ್ಟೀಲ್ ತಟ್ಟೆ ಬೇಡ, ಕೆಳಗಿನಿಂದಲೂ ಗಾಳಿಯಾಡಬೇಕು. ಮೊರ, ಬಿದಿರಿನ ಬುಟ್ಟಿ, ಅಥವಾ ಸೊಳ್ಳೆಬಲೆ ಬಿಗಿದ ಚೌಕಟ್ಟು ಒಳ್ಳೆಯದು. ಎಲೆ ಒಂದರ ಮೇಲೊಂದು ಬೀಳದ ಹಾಗೆ ಒಂದೇ ಪದರ ಹರಡಿ, ಮೇಲೆ ತೆಳು ಮಸ್ಲಿನ್ ಬಟ್ಟೆ ಮುಚ್ಚಿ. ಕಿಟಕಿಯ ಗ್ರಿಲ್‌ನಲ್ಲಿ ಇಡುವುದಾದರೆ ಪಾರಿವಾಳದ ಕಾಟ ಗೊತ್ತೇ ಇದೆ, ಬಲೆ ಇಲ್ಲದ ಕಡೆ ತಿನ್ನುವ ವಸ್ತು ಇಡಲೇಬೇಡಿ. ರಸ್ತೆಗೆ ಮುಖ ಮಾಡಿದ ಕಿಟಕಿಯೂ ಬೇಡ, ಧೂಳು ಕೂರುತ್ತದೆ. ಒಳಕೋಣೆಯಲ್ಲಿ ಫ್ಯಾನ್ ನಿಧಾನಕ್ಕೆ ತಿರುಗುವ ಜಾಗವೇ ಸರಿ. ಪುದೀನ, ತುಳಸಿ ಎರಡು ಮೂರು ದಿನದಲ್ಲಿ ಆಗುತ್ತವೆ.

ನೇತುಹಾಕಲೇಬೇಕು ಅಂದರೆ ಐದಾರು ಕಡ್ಡಿಯ ಸಣ್ಣ ಕಟ್ಟು ಮಾಡಿ, ದಾರದ ಬದಲು ರಬ್ಬರ್ ಬ್ಯಾಂಡ್ ಹಾಕಿ. ಒಣಗುತ್ತಾ ದಂಟು ಸಣ್ಣಗಾದರೂ ಅದು ಜಾರಲು ಬಿಡುವುದಿಲ್ಲ. ದವನ, ಮರುಗಕ್ಕೆ ಇದು ಚೆಂದ.

ಊರಿನ ಅಂಗಳದಲ್ಲಿ ಎಲ್ಲವನ್ನೂ ಬಿಸಿಲಿಗೆ ಹಾಕಿ ಅಭ್ಯಾಸ ನಮಗೆ. ಶುಂಠಿ, ಅರಿಶಿನ, ನೆಲ್ಲಿಕಾಯಿ, ಕೊತ್ತಂಬರಿ ಬೀಜಕ್ಕೆ ಬಿಸಿಲು ಸರಿ. ಹಸಿರೆಲೆಗೆ, ಬಣ್ಣದ ಹೂವಿಗೆ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲನ್ನೇ ಬಳಸಬೇಕಾದರೆ ಮೇಲೆ ದಪ್ಪ ಬಟ್ಟೆ ಮುಚ್ಚಿ. ಬಿಸಿ ತಾಗಲಿ, ಬೆಳಕು ತಾಗುವುದು ಬೇಡ.

ಮಳೆಗಾಲದ ದಾರಿಗಳು

ಈ ನಾಲ್ಕು ತಿಂಗಳಿಗೆ ನನ್ನ ಮೊದಲ ಆಯ್ಕೆ ಡಿಹೈಡ್ರೇಟರ್. ಪುದೀನ, ತುಳಸಿ, ಮಜ್ಜಿಗೆಹುಲ್ಲಿಗೆ 35–40 ಡಿಗ್ರಿ. ಹೂವಿನ ಎಸಳಿಗೆ 40. ಕರಿಬೇವಿಗೆ 45. ನುಗ್ಗೆಸೊಪ್ಪು, ಮೆಂತ್ಯದ ಸೊಪ್ಪಿಗೆ 50 ಆದರೂ ತೊಂದರೆಯಿಲ್ಲ. ರಾತ್ರಿ ಹಾಕಿದರೆ ಬೆಳಗ್ಗೆ ಬಹುತೇಕ ಆಗಿರುತ್ತದೆ. 400 ವಾಟ್‌ನ ಯಂತ್ರ ಎಂಟು ಗಂಟೆ ಓಡಿದರೆ ಹೆಚ್ಚೆಂದರೆ 3.2 ಯೂನಿಟ್. ಒಂದೇ ಸಲಕ್ಕೆ ಎಲ್ಲ ತಟ್ಟೆ ತುಂಬಿಸಿದರೆ ಲಾಭ. ಕೊಳ್ಳುವಾಗ ಉಷ್ಣತೆ 35ರವರೆಗೆ ಇಳಿಯುತ್ತದೆಯೇ ಅಂತ ಮೊದಲು ನೋಡಿ. ಬರೀ ಆನ್–ಆಫ್ ಬಟನ್ ಇರುವುದು ಸೊಪ್ಪಿಗೆ ಪ್ರಯೋಜನವಿಲ್ಲ. ಎರಡು ಬೇರೆ ಪರಿಮಳದವುಗಳನ್ನು ಒಟ್ಟಿಗೆ ಹಾಕಬೇಡಿ. ಕರಿಬೇವಿನ ಜೊತೆ ಒಣಗಿದ ಗುಲಾಬಿ ಯಾರಿಗೆ ಬೇಕು, ಅಲ್ವಾ?

ಯಂತ್ರ ಇಲ್ಲವೆಂದರೆ ರಾತ್ರಿ ಎಸಿ ಹಾಕುವ ಕೋಣೆ ಬಳಸಿ. ಮೊರವನ್ನು ಕಪಾಟಿನ ಮೇಲೆ ಇಡಿ, ಬಾಗಿಲು ಮುಚ್ಚಿರಲಿ, ಡ್ರೈ ಮೋಡ್ ಇದ್ದರೆ ಅದನ್ನೇ ಹಾಕಿ, ಜೊತೆಗೆ ಫ್ಯಾನ್ ನಿಧಾನಕ್ಕೆ. ಹೇಗೂ ಉರಿಯುವ ಕರೆಂಟಿನಲ್ಲಿ ಸೊಪ್ಪೂ ಒಣಗುತ್ತದೆ. ಬೆಳಗ್ಗೆ ಎಸಿ ಆರಿಸಿದ ಮೇಲೆ ಕೋಣೆಯ ತೇವ ಬೇಗ ಏರುತ್ತದೆ. ಆಗ ಅರ್ಧ ಒಣಗಿದ ಎಲೆಯನ್ನು ಕಾಗದದ ಕವರ್‌ಗೆ ಹಾಕಿ ಫ್ರಿಜ್‌ಗೆ ಸೇರಿಸಿ, ರಾತ್ರಿ ಮತ್ತೆ ಮೊರಕ್ಕೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಂಜೆಗೆ ಬೆವರಿ ಹುಳಿ ವಾಸನೆ ಬರುತ್ತದೆ.

ಫ್ರಿಜ್ ಒಂದರಲ್ಲೇ ಕೂಡ ಒಣಗಿಸಬಹುದು, ಇದನ್ನು ಕಡೆಗಣಿಸುವವರು ಬಹಳ. ಫ್ರಾಸ್ಟ್‌ಫ್ರೀ ಫ್ರಿಜ್‌ನ ಗಾಳಿ ಒಣದು. ಪುದೀನ, ಕಸೂರಿ ಮೇಥಿಗಾಗಿ ಬಿಡಿಸಿದ ಮೆಂತ್ಯದ ಎಲೆಯನ್ನು ತಟ್ಟೆಯಲ್ಲಿ ಕಾಗದದ ಮೇಲೆ ತೆಳ್ಳಗೆ ಹರಡಿ, ಮುಚ್ಚದೆ ಮೇಲಿನ ಶೆಲ್ಫ್‌ನಲ್ಲಿಡಿ. ಒಂದರಿಂದ ಎರಡು ವಾರ ಬೇಕು. ತಂಪಿನಲ್ಲಿ ಕಿಣ್ವಗಳ ಕೆಲಸ ನಿಧಾನವಾಗುವುದರಿಂದ ಹಸಿರು ಬಣ್ಣ ಚೆನ್ನಾಗಿ ಉಳಿಯುತ್ತದೆ. ಹೆಚ್ಚಿದ ಈರುಳ್ಳಿ, ಮೀನು ಇರುವ ಶೆಲ್ಫ್ ಮಾತ್ರ ಬೇಡ.

ಮೈಕ್ರೋವೇವ್ ಸಣ್ಣ ಪ್ರಮಾಣಕ್ಕೆ ಒಳ್ಳೆಯದು. ಬಿಸಿ ಥಟ್ಟನೆ ಏರಿ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಹಸಿರು ಹಾಗೇ ಉಳಿಯುತ್ತದೆ. ಒಂದು ಮುಷ್ಟಿ ಎಲೆಯನ್ನು ಎರಡು ಬಿಳಿ ಟಿಶ್ಯೂ ನಡುವೆ ಇಟ್ಟು ಮೊದಲು ಒಂದು ನಿಮಿಷ, ಆಮೇಲೆ 20–30 ಸೆಕೆಂಡಿನಂತೆ ಕೊಡಿ. ಪ್ರತಿ ಸಲ ತೆರೆದು ಆವಿ ಹೋಗಲು ಬಿಡಿ. ನ್ಯೂಸ್‌ಪೇಪರ್ ಬಳಸಬೇಡಿ, ಹತ್ತಿಕೊಳ್ಳಬಹುದು. ಒಳಗೆ ಎಲೆಯ ಪಕ್ಕದಲ್ಲೇ ಒಂದು ಲೋಟ ನೀರು ಇರಲಿ, ಬಿಟ್ಟು ಆಚೆ ಹೋಗಬೇಡಿ. ಕರಿಬೇವಿಗೆ ಇದು ಬಹಳ ಹೊಂದುತ್ತದೆ. ಪುದೀನದ ಪರಿಮಳ ಮಾತ್ರ ನೆರಳಲ್ಲಿ ಒಣಗಿಸಿದಷ್ಟು ಉಳಿಯುವುದಿಲ್ಲ.

ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಸಣ್ಣ ಒಲೆ) ಕೊನೆಯ ಆಯ್ಕೆ. ಎಷ್ಟೋ ಮಾಡೆಲ್‌ಗಳ ಗುಂಡಿ 100 ಡಿಗ್ರಿಯಿಂದ ಶುರುವಾಗುತ್ತದೆ, ಅದು ಒಣಗಿಸುವುದಲ್ಲ, ಹುರಿಯುವುದು. ಬೇರೆ ದಾರಿಯಿಲ್ಲದಿದ್ದರೆ ಎರಡು ನಿಮಿಷ ಬಿಸಿ ಮಾಡಿ ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಟ್ಟು ಆ ಉಳಿದ ಬಿಸಿಯಲ್ಲಿ ಎಲೆ ಇಡಿ.

ಕೆಲವನ್ನು ಒಣಗಿಸುವುದೇ ಬೇಡ ಅಂತ ನನ್ನ ಅಭಿಪ್ರಾಯ. ಕೊತ್ತಂಬರಿ ಸೊಪ್ಪು ಒಣಗಿದರೆ ಬರೀ ಹಸಿರು ಹೊಟ್ಟು, ಪರಿಮಳ ಇರುವುದಿಲ್ಲ. ರುಬ್ಬಿ ಫ್ರೀಜ್ ಮಾಡಿಡುವುದು ವಾಸಿ. ದೊಡ್ಡಪತ್ರೆಯ ಎಲೆ ದಪ್ಪ, ತುಂಬ ನೀರು. ತಂಬುಳಿಗೆ ತಾಜಾ ಎಲೆಯೇ ಬೇಕು, ಒಂದು ಕಡ್ಡಿ ಚುಚ್ಚಿದರೆ ಕುಂಡದಲ್ಲಿ ವರ್ಷವಿಡೀ ಸಿಗುತ್ತದೆ.

ಹೂಗಳು

ಮೊದಲೇ ಒಂದು ಎಚ್ಚರಿಕೆ. ದಾದರ್ ಸ್ಟೇಷನ್ ಪಶ್ಚಿಮದ ಹೂವಿನ ಮಾರ್ಕೆಟ್‌ನಿಂದ ತಂದ ಗುಲಾಬಿ, ಸೇವಂತಿಗೆ, ಚೆಂಡುಹೂ ಅಲಂಕಾರಕ್ಕೆ ಬೆಳೆದವು. ಕೀಟನಾಶಕ ಹೊಡೆದಿರುತ್ತಾರೆ. ಚಹಾಕ್ಕೆ, ಗುಲ್ಕಂದಕ್ಕೆ, ಮುಖಕ್ಕೆ ಹಚ್ಚುವ ಪುಡಿಗೆ ಅವನ್ನು ಒಣಗಿಸಬೇಡಿ. ತಿನ್ನುವುದಕ್ಕೆ ನಿಮ್ಮ ಕುಂಡದ ಹೂ ಅಥವಾ ಔಷಧಿ ಹೊಡೆದಿಲ್ಲ ಅಂತ ಖಾತ್ರಿ ಇರುವ ಹೂ ಮಾತ್ರ.

ಪರಿಮಳಕ್ಕಾಗಿ ಒಣಗಿಸುವುದಾದರೆ ಹೂ ಆರಿಸುವುದರಲ್ಲೇ ಗೆಲುವು. ಬಕುಳ, ನಮ್ಮ ಕರಾವಳಿಯವರ ರೆಂಜೆ, ಒಣಗಿದ ಮೇಲೂ ತಿಂಗಳುಗಟ್ಟಲೆ ಘಮ್ಮೆನ್ನುತ್ತದೆ. ಮುಂಬೈನ ಎಷ್ಟೋ ರಸ್ತೆಬದಿಯಲ್ಲಿ ಈ ಮರಗಳಿವೆ. ಬೆಳಗ್ಗೆ ಬಿದ್ದ ಹೂವನ್ನು ಆರಿಸಿ ದಾರದಲ್ಲಿ ಪೋಣಿಸಿ ನೆರಳಲ್ಲಿ ಬಿಟ್ಟರೆ ಮುಗಿಯಿತು, ಬೇರೇನೂ ಮಾಡಬೇಕಿಲ್ಲ. ಗೋವಾ, ಸಿಂಧುದುರ್ಗ, ಉತ್ತರ ಕನ್ನಡದ ಸುರಗಿಯೂ ಹಾಗೇ. ಬೇಸಿಗೆಯ ಮೊದಲಲ್ಲಿ ಊರಿಗೆ ಹೋದವರು ಒಂದು ಪೊಟ್ಟಣ ತಂದರೆ ಬಟ್ಟೆಯ ಪೆಟ್ಟಿಗೆಗೆ ವರ್ಷಕ್ಕಾಗುತ್ತದೆ. ದವನ ಕೂಡ ಒಣಗಿದಾಗ ಪರಿಮಳ ಬಿಟ್ಟುಕೊಡುವುದಿಲ್ಲ.

ಮಲ್ಲಿಗೆಯ ಸ್ವಭಾವ ಬೇರೆ. ಮೊಗ್ಗು ಬಿರಿಯುವಾಗ ಪರಿಮಳ ಹುಟ್ಟುತ್ತದೆ, ಹೂ ಸತ್ತಮೇಲೆ ಅದು ನಿಲ್ಲುವುದಿಲ್ಲ. ಮಲ್ಲಿಗೆಯ ಘಮ ಬೇಕಾದರೆ ಸಂಜೆ ಬಿರಿಯಲಿರುವ ಮೊಗ್ಗನ್ನು ಒಣ ಚಹಾಪುಡಿಯ ನಡುವೆ ಪದರ ಪದರವಾಗಿ ಹಾಕಿ ರಾತ್ರಿ ಮುಚ್ಚಿಡಿ, ಬೆಳಗ್ಗೆ ಹೂ ತೆಗೆದುಬಿಡಿ. ಚಹಾ ಆ ಪರಿಮಳ ಹೀರಿಕೊಂಡಿರುತ್ತದೆ, ತೇವವನ್ನೂ ಕೂಡ. ಆಮೇಲೆ ಚಹಾವನ್ನು 40 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಒಣಗಿಸಬೇಕು. ಮಲ್ಲಿಗೆಯೂ ಔಷಧಿ ಹೊಡೆಯದ್ದೇ ಆಗಿರಬೇಕು.

ಚೆಂಡುಹೂವಿನ ಬಣ್ಣ ಗಟ್ಟಿ. ದಸರಾ ಮುಗಿದ ಮೇಲೆ ತೋರಣದ ಹೂವನ್ನು ಎಸೆಯುವ ಬದಲು ಎಸಳು ಬಿಡಿಸಿ ಒಣಗಿಸಿ, ರಂಗೋಲಿಗೆ, ಬಟ್ಟೆಯ ಬಣ್ಣಕ್ಕೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಗಾಳಿಯೂ ಒಣಗುತ್ತಿರುತ್ತದೆ. ಇಡೀ ಹೂ ಹಾಕಬೇಡಿ, ಕೆಳಗಿನ ಹಸಿರು ಬುಡ ಮೊದಲು ಕೊಳೆಯುತ್ತದೆ. ದಾಸವಾಳದ ಎಸಳಲ್ಲಿ ಲೋಳೆ ಇರುವುದರಿಂದ ಬಟ್ಟೆಗೆ ಅಂಟುತ್ತದೆ, ಬಲೆಯ ಮೇಲೆ ಹಾಕಿ, ಒಮ್ಮೆ ತಿರುಗಿಸಿ. ಶಂಖಪುಷ್ಪ ಸುಲಭ, ನೆರಳಲ್ಲಿ ಬೇಗ ಒಣಗುತ್ತದೆ, ನೀಲಿಯೂ ಉಳಿಯುತ್ತದೆ.

ಇಡೀ ಗುಲಾಬಿಯನ್ನು ಆಕಾರ ಕೆಡದೆ ಒಣಗಿಸಲು ಸಿಲಿಕಾ ಜೆಲ್

ಸಿಲಿಕಾ ಜೆಲ್ ಅಂದರೆ ತೇವ ಹೀರುವ ಕಾಳು. ಶೂ ಡಬ್ಬಿಯಲ್ಲಿ ಬರುವ ಅದರ ದಪ್ಪ ಮಣಿಗಳು ಎಸಳಿನ ಮೇಲೆ ಗುಳಿ ಬೀಳಿಸುತ್ತವೆ. ಸಕ್ಕರೆಯಷ್ಟು ಸಣ್ಣ ಕಾಳಿನದು ಕೇಳಿ ತನ್ನಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲ. ಬಿಳಿ ಅಥವಾ ಕಿತ್ತಳೆ ಬಣ್ಣದ್ದು ಸಾಕು.

ಅರ್ಧ ಅರಳಿದ, ಮೇಲೆ ಒಂದು ಹನಿ ನೀರೂ ಇಲ್ಲದ ಹೂ ಆರಿಸಿ. ಕಡುಗೆಂಪು ಒಣಗಿದಾಗ ಕಪ್ಪಿಗೆ ತಿರುಗುತ್ತದೆ, ಬಿಳಿ ಕೆನೆಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ಬಣ್ಣ, ಹಳದಿ, ಕಿತ್ತಳೆ ಚೆನ್ನಾಗಿ ನಿಲ್ಲುತ್ತವೆ. ತೊಟ್ಟನ್ನು ಒಂದು ಇಂಚಿಗೆ ಕತ್ತರಿಸಿ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಇಂಚು ಜೆಲ್ ಹಾಕಿ, ಹೂವನ್ನು ಮುಖ ಮೇಲೆ ಮಾಡಿ ನಿಲ್ಲಿಸಿ. ಈಗ ಆತುರ ಬೇಡ. ಮೊದಲು ಹೂವಿನ ಸುತ್ತ, ಹೊರಗಿನ ಎಸಳಿಗೆ ಆಸರೆಯಾಗುವಂತೆ ಚಮಚದಿಂದ ಸುರಿಯಿರಿ. ಆಮೇಲೆ ಎಸಳುಗಳ ನಡುವೆ ಸ್ವಲ್ಪ ಸ್ವಲ್ಪವೇ ಬಿಡಿ. ಒಳಗೂ ಹೊರಗೂ ಮಟ್ಟ ಒಟ್ಟಿಗೆ ಏರಬೇಕು. ಹೊರಗೆ ಮಾತ್ರ ತುಂಬಿಸಿದರೆ ಹೂ ಒಳಕ್ಕೆ ಮುದುಡುತ್ತದೆ. ಪೂರ್ತಿ ಮುಚ್ಚಿದ ಮೇಲೆ ಡಬ್ಬಿಯ ಬಾಯಿಗೆ ಟೇಪ್ ಸುತ್ತಿ.

ನಾಲ್ಕನೇ ದಿನ ಮೇಲಿನ ಒಂದೆರಡು ಎಸಳನ್ನಷ್ಟೇ ಬಿಡಿಸಿ ಮುಟ್ಟಿ ನೋಡಿ. ಕಾಗದದ ಸದ್ದು ಬಂದರೆ ಹೊರಕ್ಕೆ ತೆಗೆಯಿರಿ, ಇಲ್ಲವಾದರೆ ಒಂದು ವಾರದವರೆಗೂ ಬಿಡಬಹುದು. ಅತಿಯಾದರೆ ಎಸಳು ಒಡೆದು ಉದುರುತ್ತದೆ. ಜೆಲ್ಲನ್ನು ಓರೆಯಾಗಿ ಸುರಿದು, ಹೂವನ್ನು ಅಂಗೈಯಲ್ಲಿ ಹಿಡಿದು, ಮೃದು ಕುಂಚದಿಂದ ಪುಡಿ ಕೊಡವಿ. ಬಳಸಿದ ಜೆಲ್ಲನ್ನು ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಈ ಹೂ ತಿನ್ನಲು ಅಲ್ಲ, ನೋಡಲು ಮಾತ್ರ.

ದುಡ್ಡು ಉಳಿಸಲು ಮರಳು ಬಳಸುವವರಿದ್ದಾರೆ. ನದಿ ಮರಳು ಆಗುತ್ತದೆ, ವಾರಗಳು ಹಿಡಿಯುತ್ತವೆ. ಜುಹೂ ಬೀಚಿನ ಮರಳಿನಲ್ಲಿ ಉಪ್ಪಿದೆ, ಅದು ಗಾಳಿಯಿಂದ ನೀರು ಎಳೆಯುತ್ತದೆ. ಹಾಗೇ ಬಳಸಿದರೆ ಹೂ ಕೊಳೆಯುತ್ತದೆ.

ಒಣಗಿದ ಇಡೀ ಹೂವನ್ನು ಮುಂಬೈನಲ್ಲಿ ತೆರೆದ ಹೂದಾನಿಯಲ್ಲಿ ಇಡಬೇಡಿ. ಮೊದಲ ಮಳೆಗೇ ಎಸಳು ತೇವ ಎಳೆದು ಜೋತುಬೀಳುತ್ತದೆ. ಮುಚ್ಚಿದ ಗಾಜಿನ ಜಾಡಿಯಲ್ಲಿ, ತಳದಲ್ಲಿ ಸ್ವಲ್ಪ ಜೆಲ್ ಹಾಕಿಟ್ಟರೆ ಬಾಳುತ್ತದೆ.

ಒಣಗಿತು ಅಂತ ತಿಳಿಯುವುದು, ಕಾಪಾಡುವುದು

ಎಲೆ ಮುಟ್ಟಿದರೆ ಗರಿಗರಿ ಅನ್ನಿಸುವುದು ಸಾಲದು, ಬಿಸಿ ಇರುವಾಗ ಹಾಗೆ ಅನ್ನಿಸುತ್ತದೆ. ತಣ್ಣಗಾದ ಮೇಲೆ ಸಣ್ಣ ದೇಟನ್ನು ಮಡಚಿ ನೋಡಿ, ಚಟ್ಟನೆ ಮುರಿಯಬೇಕು. ಬಾಗಿದರೆ ಇನ್ನೂ ನೀರಿದೆ. ಮೊದಲೇ ಬರೆದಿಟ್ಟ ತೂಕ ಈಗ ತೆಗೆಯಿರಿ. ಪುದೀನದಲ್ಲಿ ಸುಮಾರು ಶೇಕಡಾ 85 ನೀರು. ಕೊನೆಗೆ ಶೇಕಡಾ 10ರಷ್ಟು ಉಳಿಯಬೇಕಾದರೆ 100 ಗ್ರಾಂ ಎಲೆ 17 ಗ್ರಾಂ ಹತ್ತಿರ ಬರಬೇಕು. ಕರಿಬೇವಿನಲ್ಲಿ ನೀರು ಕಡಿಮೆ, ಶೇಕಡಾ 65ರ ಸುತ್ತ. ಅದು 100 ಗ್ರಾಂಗೆ 39ರ ಹತ್ತಿರ ನಿಲ್ಲುತ್ತದೆ. ಒಂದೆರಡು ಗಂಟೆ ಬಿಟ್ಟು ತೂಗಿದಾಗ ಇನ್ನೂ ಇಳಿಯುತ್ತಿದ್ದರೆ ಮುಂದುವರಿಸಿ.

ಆಮೇಲೆ ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿಸಿ ಒಂದು ವಾರ ದಿನಾ ನೋಡಿ. ಒಳಗೋಡೆಯಲ್ಲಿ ಮಂಜು ಕೂತರೆ, ಎಲೆ ಒಂದಕ್ಕೊಂದು ಅಂಟಿದರೆ ಅವತ್ತೇ ಮತ್ತೆ ಒಣಗಿಸಿ. ಬೂಷ್ಟು ಒಂದೇ ಎಲೆಯಲ್ಲಿ ಕಂಡರೂ ಇಡೀ ಬಾಟಲಿ ಎಸೆಯಿರಿ, ಆರಿಸಿ ಉಳಿಸಲು ಹೋಗಬೇಡಿ.

ಎಲೆಯನ್ನು ಇಡಿಯಾಗಿಯೇ ಇಡಿ, ಪುಡಿ ಮಾಡುವುದು ಬಳಸುವಾಗ. ಪುಡಿಯಾದ ಕ್ಷಣದಿಂದ ಎಣ್ಣೆ ಹಾರಿಹೋಗುತ್ತಿರುತ್ತದೆ. ತೆಳು ಪ್ಲಾಸ್ಟಿಕ್ ಕವರ್ ಮುಂಬೈ ಗಾಳಿಗೆ ಸಾಲದು, ನಿಧಾನವಾಗಿ ತೇವ ಒಳಗೆ ಬಿಡುತ್ತದೆ. ಬಿಗಿ ಮುಚ್ಚಳದ ಗಾಜು, ಒಲೆಯಿಂದ ದೂರದ ಕತ್ತಲೆ ಕಪಾಟು ಬೇಕು. ದೊಡ್ಡ ಬಾಟಲಿ ಒಂದರ ಬದಲು ಸಣ್ಣವು ನಾಲ್ಕು ಇರಲಿ, ಒಂದನ್ನು ತೆರೆದಾಗ ಉಳಿದ ಮೂರಕ್ಕೆ ಗಾಳಿ ತಾಗುವುದಿಲ್ಲ. ಮೇಲೆ ಹೆಸರು, ತಿಂಗಳು ಬರೆಯಿರಿ. ಎಲೆಗಳು ಆರು ತಿಂಗಳಿಂದ ಒಂದು ವರ್ಷ ಚೆನ್ನಾಗಿರುತ್ತವೆ.

ಮಳೆಗಾಲದ ಕೊನೆಯಲ್ಲಿ ಕಂದು ಬಣ್ಣದ ಸಣ್ಣ ಹುಳು ಕಾಣಿಸಿಕೊಳ್ಳುವುದುಂಟು, ಒಣ ಹೂವಿನಲ್ಲಿ ಜಾಸ್ತಿ. ಅದು ಬರುವ ಮೊದಲೇ, ಚೆನ್ನಾಗಿ ಒಣಗಿದ ಬಾಟಲಿಯನ್ನು ಮುಚ್ಚಳ ಬಿಗಿದು ಒಂದು ವಾರ ಫ್ರೀಜರ್‌ನಲ್ಲಿಡಿ, ಮೊಟ್ಟೆಗಳಿದ್ದರೆ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಬಾಟಲಿ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ, ಅರ್ಧ ದಿನವಾದರೂ ಸರಿ, ಮುಚ್ಚಳ ತೆಗೆಯಬೇಡಿ. ತಣ್ಣನೆಯ ಎಲೆಗೆ ಇಲ್ಲಿನ ಗಾಳಿ ತಾಗಿದರೆ ಅಷ್ಟೂ ನೀರು ಅದರ ಮೇಲೆಯೇ ಕೂರುತ್ತದೆ.